ಬೈಪೋಲಾರ್ ಕಾಯಿಲೆಯನ್ನು ಮಿದುಳಿನ ಸ್ಕ್ಯಾನ್ ಗುರುತಿಸಬಲ್ಲದೆ?

ಬೈಪೋಲಾರ್ ಕಾಯಿಲೆ, ಅಂದರೆ ಮಿತಿಮೀರಿದ ಉತ್ಸಾಹದ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಮೂಡ್ ಕಾಯಿಲೆ, ಇರುವವರ ಮಿದುಳಿನ ಎಂಆರ್‌ಐ ರಿಪೋರ್ಟ್ ತೆಗೆದು ನೋಡಿದರೆ ಬಹುತೇಕ ಸಲ ಕೊನೆಯ ಸಾಲು ಒಂದೇ: ‘ನಾರ್ಮಲ್ ಸ್ಟಡಿ’. ರೇಡಿಯಾಲಜಿಸ್ಟ್ ಏನನ್ನೋ ನೋಡದೆ ಬಿಟ್ಟಿದ್ದಾರೆ ಎಂದಲ್ಲ. ಕಣ್ಣಿಗೆ ಕಾಣುವಂಥ ಬದಲಾವಣೆ ಆ ಚಿತ್ರದಲ್ಲಿ ಇರುವುದೇ ಇಲ್ಲ. ಆದರೆ ಈ ಎರಡು ಪದ ಮನೆ ಮುಟ್ಟುವಷ್ಟರಲ್ಲಿ ಬೇರೆಯೇ ಅರ್ಥ ಪಡೆದಿರುತ್ತವೆ. ‘ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ವಂತೆ, ಮತ್ತೆ ಮಾತ್ರೆ ಯಾಕೆ?’ ಎಂದು ಯಾರೋ ಕೇಳುತ್ತಾರೆ. ಮೂಡ್ ಸ್ಥಿರವಾಗಿಡುವ ಲಿಥಿಯಂ ಮಾತ್ರೆ ನಿಲ್ಲುತ್ತದೆ. ಕೆಲವು ವಾರಗಳಲ್ಲಿ, ಇಲ್ಲವೇ ಕೆಲವು ತಿಂಗಳಲ್ಲಿ ಉನ್ಮಾದ ಮರಳುತ್ತದೆ.

ಇನ್ನೊಂದು ಕಡೆ, ಕೃತಕ ಬುದ್ಧಿಮತ್ತೆ ಮಿದುಳಿನ ಚಿತ್ರ ನೋಡಿ ಬೈಪೋಲಾರ್ ಕಾಯಿಲೆ ಪತ್ತೆಹಚ್ಚುತ್ತದೆ ಎಂಬ ಸುದ್ದಿಗಳು ಆಗಾಗ ಬರುತ್ತಿರುತ್ತವೆ. ಶೇ 80, ಶೇ 90 ನಿಖರ ಎಂಬ ಅಂಕಿಗಳೂ ಜೊತೆಗಿರುತ್ತವೆ. ಓದಿದ ಮನೆಯವರು ‘ಆ ಸ್ಕ್ಯಾನ್ ಮಾಡಿಸಿಬಿಡೋಣ ಡಾಕ್ಟ್ರೇ’ ಎನ್ನುವುದು ಸಹಜ. ಈ ಎರಡೂ ತಪ್ಪು ತಿಳಿವಳಿಕೆಗಳ ಬೇರು ಒಂದೇ. ಸಾವಿರಾರು ಜನರ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಬ್ಬರ ಸ್ಕ್ಯಾನಿನಲ್ಲಿ ಕಾಣಲೇಬೇಕೆಂದಿಲ್ಲ. ಈ ಮಾತನ್ನು ಬಿಡಿಸಿ ನೋಡಿದರೆ ಸ್ಕ್ಯಾನ್ ಎಲ್ಲಿ ನಿಜವಾಗಿ ಬೇಕು, ಎಲ್ಲಿ ಬೇಡ ಎಂಬುದೂ ಸ್ಪಷ್ಟವಾಗುತ್ತದೆ.

ಗುರುತಿಸಲು ಯಾಕಿಷ್ಟು ತಡ

ಬೈಪೋಲಾರ್ ಎಂದು ನಿರ್ಧರಿಸುವುದು ಇಂದಿಗೂ ಮಾತಿನ ಮೂಲಕವೇ. ರೋಗಿಯ ಚರಿತ್ರೆ, ಮನೆಯವರು ಹೇಳುವ ವಿವರ, ಎದುರಿಗೆ ಕಾಣುವ ನಡವಳಿಕೆ, ಇವಿಷ್ಟೇ ಆಧಾರ. ಅಮೆರಿಕದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಉನ್ಮಾದ ಎನ್ನಲು ಲಕ್ಷಣಗಳು ಕನಿಷ್ಠ 7 ದಿನ ಇರಬೇಕು, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ತೀವ್ರವಾಗಿರಬೇಕು. ಅದರ ಸೌಮ್ಯ ರೂಪವಾದ ಹೈಪೊಮೇನಿಯಾಕ್ಕೆ 4 ದಿನ ಸಾಕು. ಖಿನ್ನತೆಗೆ 2 ವಾರ.

ತೊಡಕು ಇರುವುದು ಹೈಪೊಮೇನಿಯಾದಲ್ಲಿ. ಅದು ಕಾಯಿಲೆ ಎಂದು ಯಾರಿಗೂ ಅನಿಸುವುದಿಲ್ಲ. ಮೂರ್ನಾಲ್ಕು ಗಂಟೆ ಮಲಗಿದರೂ ಆಯಾಸವಿಲ್ಲ, ಮಾತು ಚುರುಕು, ಹೊಸ ಯೋಜನೆಗಳು ಒಂದರ ಹಿಂದೊಂದು. ‘ಆಗ ಚೆನ್ನಾಗಿದ್ದೆ’ ಎಂದೇ ಆ ದಿನಗಳು ನೆನಪಿನಲ್ಲಿ ಉಳಿಯುತ್ತವೆ. ವೈದ್ಯರ ಬಳಿ ಹೋಗುವುದು ಖಿನ್ನತೆ ಕವಿದಾಗ, ಹೇಳುವುದೂ ಖಿನ್ನತೆಯ ಬಗ್ಗೆ ಮಾತ್ರ. 2000ದಲ್ಲಿ ಅಮೆರಿಕದ ರೋಗಿಗಳ ಸಂಘಟನೆಯೊಂದು ನಡೆಸಿದ ಸಮೀಕ್ಷೆಯಲ್ಲಿ ಬೈಪೋಲಾರ್ ಇದ್ದವರ ಪೈಕಿ ಶೇ 69 ಮಂದಿಗೆ ಮೊದಲು ಬೇರೆ ಕಾಯಿಲೆಯ ಹೆಸರು ಹೇಳಲಾಗಿತ್ತು. ಹಾಗೆ ಹೇಳಿದ್ದರಲ್ಲಿ ಹೆಚ್ಚಿನದು ಸಾಮಾನ್ಯ ಖಿನ್ನತೆ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ಸರಿಯಾದ ಹೆಸರಿಗಾಗಿ 10 ವರ್ಷಕ್ಕೂ ಮೇಲ್ಪಟ್ಟು ಕಾದಿದ್ದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ನೋಡಿದರೂ ಕಾಯಿಲೆ ಶುರುವಾಗಿ ಸರಿಯಾದ ಆರೈಕೆ ಸಿಗುವ ನಡುವೆ ಸರಾಸರಿ ಸುಮಾರು 6 ವರ್ಷ ಕಳೆದಿರುತ್ತದೆ. ಆ ಅವಧಿಯಲ್ಲಿ ಮೂಡ್ ಸ್ಥಿರಗೊಳಿಸುವ ಮಾತ್ರೆ ಇಲ್ಲದೆ ಬರೀ ಖಿನ್ನತೆ ನಿವಾರಕ ಕೊಟ್ಟರೆ ಕೆಲವರು ನೇರವಾಗಿ ಉನ್ಮಾದಕ್ಕೆ ಜಿಗಿಯುತ್ತಾರೆ.

ಭಾರತದಲ್ಲಿ ಚಿತ್ರ ಸ್ವಲ್ಪ ಬೇರೆ. ಇಲ್ಲಿನ ಅಧ್ಯಯನಗಳಲ್ಲಿ ಖಿನ್ನತೆಗಿಂತ ಉನ್ಮಾದದ ಕಂತುಗಳೇ ಹೆಚ್ಚು ಎಂಬುದು ಮತ್ತೆ ಮತ್ತೆ ಕಂಡುಬಂದಿದೆ. ಹಾಗಾಗಿ ಇಲ್ಲಿ ಗೊಂದಲ ಬರೀ ಖಿನ್ನತೆಯೊಂದಿಗಲ್ಲ. ಭ್ರಮೆ, ಅನುಮಾನ, ಕೇಳದ ದನಿ ಕೇಳಿಸುವುದು ಇವೆಲ್ಲ ತೀವ್ರ ಉನ್ಮಾದದಲ್ಲೂ ಬರುವುದರಿಂದ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಬೀಳುವ ಸಾಧ್ಯತೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಶೇ 0.5ರಷ್ಟು ಜನ ಜೀವನದಲ್ಲಿ ಒಮ್ಮೆಯಾದರೂ ಈ ಕಾಯಿಲೆಗೆ ಒಳಗಾಗಿರುತ್ತಾರೆ ಎಂದು ಲೆಕ್ಕ ಹಾಕಿತು. ಅವರಲ್ಲಿ ಶೇ 70ರಷ್ಟು ಮಂದಿಗೆ ಚಿಕಿತ್ಸೆ ತಲುಪಿರಲಿಲ್ಲ. ಇಷ್ಟು ತಡವಾಗುವ, ಇಷ್ಟು ತಪ್ಪುವ ಕಾಯಿಲೆಗೆ ರಕ್ತಪರೀಕ್ಷೆಯಂಥದ್ದೊಂದು ಸಿಕ್ಕರೆ ಎಷ್ಟು ಬದುಕು ಉಳಿಯಬಹುದು! ಮಿದುಳಿನ ಚಿತ್ರದ ಮೇಲೆ ಅಷ್ಟು ಆಸೆ ಕಟ್ಟಿಕೊಂಡಿದ್ದು ಅದಕ್ಕೇ, ಆ ಆಸೆ ತಪ್ಪಲ್ಲ.

ಯಂತ್ರ ಅಳೆಯುವುದು ಏನನ್ನು

‘ಮಿದುಳಿನ ಸ್ಕ್ಯಾನ್’ ಎನ್ನುವುದು ಒಂದೇ ಪರೀಕ್ಷೆಯಲ್ಲ. ಒಂದೇ ಎಂಆರ್‌ಐ ಯಂತ್ರದಲ್ಲಿ ಕನಿಷ್ಠ ಮೂರು ಬಗೆಯ ಅಳತೆ ತೆಗೆಯಬಹುದು.

ಮೊದಲನೆಯದು ರಚನೆ. 3 ಟೆಸ್ಲಾ ಯಂತ್ರದಲ್ಲಿ ಐದಾರು ನಿಮಿಷ ಅಲುಗಾಡದೆ ಮಲಗಿದರೆ ಇಡೀ ಮಿದುಳನ್ನು ಸುಮಾರು 1 ಮಿಲಿಮೀಟರ್ ಅಳತೆಯ ಪುಟ್ಟ ಘನಗಳಾಗಿ ವಿಂಗಡಿಸಿದ ಚಿತ್ರ ಸಿಗುತ್ತದೆ. ಆಮೇಲೆ ತಂತ್ರಾಂಶ ಬೂದು ಭಾಗ ಮತ್ತು ಬಿಳಿ ಭಾಗದ ಗಡಿಯನ್ನು ಗುರುತಿಸಿ, ಹೊರಪದರದ ದಪ್ಪವನ್ನೂ ಒಳಗಿನ ಹಿಪೊಕ್ಯಾಂಪಸ್, ಥಲಾಮಸ್, ಅಮಿಗ್ಡಲಾ ಮೊದಲಾದವುಗಳ ಗಾತ್ರವನ್ನೂ ಲೆಕ್ಕ ಹಾಕುತ್ತದೆ. ಹೊರಪದರದ ಸರಾಸರಿ ದಪ್ಪ ಎರಡೂವರೆ ಮಿಲಿಮೀಟರಿನ ಆಸುಪಾಸು. ಬೈಪೋಲಾರ್ ಕಾಯಿಲೆಯಲ್ಲಿ ಸಿಗುವ ವ್ಯತ್ಯಾಸ ಒಂದು ಮಿಲಿಮೀಟರಿನ ನೂರು ಪಾಲಿನಲ್ಲಿ ನಾಲ್ಕೈದು ಪಾಲು. ಅಂದರೆ ಚಿತ್ರದ ಒಂದು ಘನಕ್ಕಿಂತ ಎಷ್ಟೋ ಚಿಕ್ಕದು. ಸಾವಿರಾರು ಬಿಂದುಗಳ ಸರಾಸರಿ ತೆಗೆದರೆ ಮಾತ್ರ ಅದು ಹೊರಬೀಳುತ್ತದೆ. ಲೈಟ್‌ಬಾಕ್ಸ್ ಮೇಲೆ ಫಿಲ್ಮ್ ಇಟ್ಟು ನೋಡುವ ಕಣ್ಣಿಗೆ ಅದು ಸಿಗದಿರುವುದಕ್ಕೆ ಕಾರಣ ಇಷ್ಟೇ.

ಎರಡನೆಯದು ಡಿಟಿಐ. ಮಿದುಳಿನ ಭಾಗಗಳನ್ನು ಬೆಸೆಯುವ ನರತಂತುಗಳ ಉದ್ದಕ್ಕೂ ನೀರಿನ ಅಣುಗಳು ಯಾವ ದಿಕ್ಕಿಗೆ ಸುಲಭವಾಗಿ ಹರಿಯುತ್ತವೆ ಎಂಬುದನ್ನು 30, 60 ಹೀಗೆ ಹಲವು ದಿಕ್ಕುಗಳಲ್ಲಿ ಅಳೆಯುತ್ತದೆ. ತಂತುಗಳ ಕಟ್ಟು ಬಿಗಿಯಾಗಿ, ಒಂದೇ ದಿಕ್ಕಿನಲ್ಲಿದ್ದರೆ ಹರಿವೂ ಆ ದಿಕ್ಕಿಗೇ ಇರುತ್ತದೆ; ಸಡಿಲವಾಗಿದ್ದರೆ ಎಲ್ಲ ಕಡೆ ಚದುರುತ್ತದೆ.

ಮೂರನೆಯದು ಎಫ್‌ಎಂಆರ್‌ಐ, ಸುದ್ದಿಯಲ್ಲಿ ಬರುವ ಬಣ್ಣಬಣ್ಣದ ಚಿತ್ರಗಳ ಮೂಲ. ಜಪಾನಿನ ಸೇಜಿ ಒಗಾವಾ 1990ರಲ್ಲಿ ತೋರಿಸಿಕೊಟ್ಟ ತತ್ತ್ವ ಇದರ ಅಡಿಪಾಯ: ಆಮ್ಲಜನಕ ತುಂಬಿದ ರಕ್ತ ಮತ್ತು ಆಮ್ಲಜನಕ ಕಳೆದುಕೊಂಡ ರಕ್ತ ಕಾಂತಕ್ಷೇತ್ರದಲ್ಲಿ ಬೇರೆ ಬೇರೆ ರೀತಿ ವರ್ತಿಸುತ್ತವೆ. ಮಿದುಳಿನ ಒಂದು ಭಾಗ ಕೆಲಸಕ್ಕೆ ಇಳಿದಾಗ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ, ಸಂಕೇತ ಶೇ 1ರಿಂದ ಕೆಲವೇ ಪ್ರತಿಶತದಷ್ಟು ಏರುತ್ತದೆ. ಬೈಪೋಲಾರ್ ಸಂಶೋಧನೆಯಲ್ಲಿ ಒಳಗೆ ಮಲಗಿದವರಿಗೆ ಹೆದರಿದ, ನಗುವ ಮುಖಗಳನ್ನು ತೋರಿಸುತ್ತಾರೆ. ಇಲ್ಲವೇ ಸರಿಯಾಗಿ ಊಹಿಸಿದರೆ ಹಣ ಸಿಗುವ ಚಿಕ್ಕ ಆಟ ಆಡಿಸುತ್ತಾರೆ. ಭಾವನೆಗೆ ಸ್ಪಂದಿಸುವ ಅಮಿಗ್ಡಲಾ ಹೇಗೆ ಕೆಲಸ ಮಾಡುತ್ತದೆ, ಬಹುಮಾನದ ನಿರೀಕ್ಷೆಯಲ್ಲಿ ವೆಂಟ್ರಲ್ ಸ್ಟ್ರಯೇಟಮ್ ಎಷ್ಟು ಉದ್ರೇಕಗೊಳ್ಳುತ್ತದೆ, ಇವೆರಡನ್ನೂ ಹಿಡಿತದಲ್ಲಿಡಬೇಕಾದ ಮುಂಭಾಗದ ಮಿದುಳು ಎಷ್ಟು ಚುರುಕಾಗಿದೆ ಎಂಬುದು ಅಲ್ಲಿನ ಪ್ರಶ್ನೆ. ಹುಡುಕಾಟದ ದಿಕ್ಕು ಸರಿಯಾಗಿಯೇ ಇದೆ. ಆದರೆ ಚಿತ್ರದಲ್ಲಿರುವ ಕೆಂಪು, ಹಳದಿ ಬಣ್ಣಗಳು ಮಿದುಳಿನಲ್ಲಿ ಕಂಡದ್ದಲ್ಲ, ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಹಚ್ಚಿದ ಬಣ್ಣ ಎಂಬುದನ್ನು ಮರೆಯಬಾರದು. 2020ರಲ್ಲಿ ಒಂದೇ ಎಫ್‌ಎಂಆರ್‌ಐ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ನೋಡಿದಾಗ ಯಾವ ಎರಡು ತಂಡಗಳೂ ಒಂದೇ ವಿಧಾನ ಅನುಸರಿಸಲಿಲ್ಲ. ಕೆಲವು ಪ್ರಶ್ನೆಗಳಿಗೆ ಬಂದ ಉತ್ತರಗಳೂ ಬೇರೆ ಬೇರೆ.

ವ್ಯತ್ಯಾಸ ಇರುವುದು ನಿಜ, ಚಿಕ್ಕದಿರುವುದೂ ನಿಜ

ಈ ಕ್ಷೇತ್ರದಲ್ಲಿ ನಂಬಲು ಅರ್ಹವಾದ ಅಂಕಿಗಳು ಬಂದದ್ದು ಹಲವು ದೇಶಗಳ ಸಂಶೋಧಕರು ತಮ್ಮ ದತ್ತಾಂಶವನ್ನು ಒಂದೆಡೆ ಸೇರಿಸಿದ ಮೇಲೆ. ಎನಿಗ್ಮಾ ಎಂಬ ಆ ಒಕ್ಕೂಟ 2016ರಲ್ಲಿ ಬೈಪೋಲಾರ್ ಇರುವ 1,710 ಮಂದಿಯನ್ನು 2,594 ಆರೋಗ್ಯವಂತರ ಜೊತೆ ಹೋಲಿಸಿತು. ಹಿಪೊಕ್ಯಾಂಪಸ್ ಮತ್ತು ಥಲಾಮಸ್ ಸರಾಸರಿಯಲ್ಲಿ ಕೊಂಚ ಚಿಕ್ಕದು, ದ್ರವ ತುಂಬಿದ ವೆಂಟ್ರಿಕಲ್‌ಗಳು ಕೊಂಚ ದೊಡ್ಡದು ಎಂದು ತಿಳಿಯಿತು. 2018ರಲ್ಲಿ 6,503 ಜನರ ಹೊರಪದರ ಅಳೆದಾಗ ಮುಂಭಾಗ, ಕಿವಿಯ ಬಳಿಯ ಕಪೋಲ ಭಾಗ ಮತ್ತು ಪಾರ್ಶ್ವಭಾಗಗಳಲ್ಲಿ ತೆಳುವಾಗಿರುವುದು ಕಂಡಿತು. 2019ರ ಡಿಟಿಐ ಅಧ್ಯಯನದಲ್ಲಿ ಎಡ-ಬಲ ಮಿದುಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್ ಮತ್ತು ಸಿಂಗ್ಯುಲಮ್ ಎಂಬ ತಂತುಕಟ್ಟುಗಳಲ್ಲಿ ಬದಲಾವಣೆ ಎದ್ದು ಕಂಡಿತು. ಇವ್ಯಾವುವೂ ಅನುಮಾನಿಸಬೇಕಾದ ಫಲಿತಾಂಶಗಳಲ್ಲ. ಬೈಪೋಲಾರ್ ಕಾಯಿಲೆಗೆ ಮಿದುಳಿನಲ್ಲಿ ನೆಲೆಯಿದೆ, ಅದು ಸ್ವಭಾವದ ದೋಷವೂ ಅಲ್ಲ, ಸೋಮಾರಿತನವೂ ಅಲ್ಲ ಎಂದು ಯಾರಿಗಾದರೂ ಹೇಳಬೇಕಾದರೆ ಇವುಗಳನ್ನು ಧೈರ್ಯವಾಗಿ ಮುಂದಿಡಬಹುದು.

ಒಬ್ಬ ರೋಗಿಯ ಮುಂದೆ ಕೂತಾಗ ಇವು ಏನು ಹೇಳುತ್ತವೆ ಎಂಬುದು ಬೇರೆ ಮಾತು. 2018ರ ಅಧ್ಯಯನದಲ್ಲಿ ಅತಿ ದೊಡ್ಡ ವ್ಯತ್ಯಾಸ ಸಿಕ್ಕಿದ್ದು ಎಡ ಮುಂಭಾಗದ ಒಂದು ಪುಟ್ಟ ಜಾಗದಲ್ಲಿ. ಅದರ ಪ್ರಮಾಣ ಸಂಶೋಧಕರ ಮಾಪನದಲ್ಲಿ 0.29. ಗಂಡಸರ ಮತ್ತು ಹೆಂಗಸರ ಸರಾಸರಿ ಎತ್ತರದ ನಡುವಿನ ಅಂತರ ಇದೇ ಮಾಪನದಲ್ಲಿ ಇದರ ಸುಮಾರು ಆರು ಪಟ್ಟು. ಅಷ್ಟು ದೊಡ್ಡ ಅಂತರವಿದ್ದರೂ ‘ಐದಡಿ ಐದಿಂಚು’ ಎಂದಷ್ಟೇ ಹೇಳಿದರೆ ಅದು ಗಂಡೋ ಹೆಣ್ಣೋ ಎಂದು ಯಾರೂ ಆಣೆ ಇಟ್ಟು ಹೇಳಲಾರರು. 0.29 ಎಂದರೆ ಎರಡು ಗುಂಪುಗಳ ಅಳತೆಗಳು ಶೇ 88ರಷ್ಟು ಒಂದರ ಮೇಲೊಂದು ಕೂರುತ್ತವೆ. ಕಾಯಿಲೆ ಇರುವ ಒಬ್ಬರನ್ನೂ ಇಲ್ಲದ ಒಬ್ಬರನ್ನೂ ಕಣ್ಣುಮುಚ್ಚಿ ಆರಿಸಿ, ‘ತೆಳು ಪದರ ಇರುವವರಿಗೇ ಕಾಯಿಲೆ’ ಎಂದು ಹೇಳುತ್ತಾ ಹೋದರೆ 100ರಲ್ಲಿ 58 ಸಲ ಸರಿಯಾಗುತ್ತದೆ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತಿತ್ತು.

ಒಂದು ಜಾಗದ ಬದಲು ನೂರಾರು ಜಾಗಗಳ ಅಳತೆಯನ್ನು ಒಟ್ಟಿಗೆ ಯಂತ್ರಕಲಿಕೆಗೆ, ಅಂದರೆ ದತ್ತಾಂಶದಿಂದ ತಾನೇ ಕಲಿಯುವ ತಂತ್ರಾಂಶಕ್ಕೆ, ಕೊಟ್ಟರೆ? ಅದನ್ನೂ ಮಾಡಿ ನೋಡಿದ್ದಾರೆ. ಎನಿಗ್ಮಾ ತಂಡವೇ 13 ಕೇಂದ್ರಗಳ 3,020 ಜನರ ದತ್ತಾಂಶದ ಮೇಲೆ ತರಬೇತಿ ಕೊಟ್ಟಾಗ ಬಂದ ನಿಖರತೆ ಶೇ 65. ಒಂದು ಕೇಂದ್ರವನ್ನು ಪೂರ್ತಿ ಹೊರಗಿಟ್ಟು, ಉಳಿದವುಗಳಿಂದ ಕಲಿತು, ಹೊರಗಿಟ್ಟ ಕೇಂದ್ರದ ಜನರನ್ನು ಗುರುತಿಸಲು ಹೇಳಿದಾಗ ಅದು ಶೇ 59ರ ಹತ್ತಿರಕ್ಕೆ ಇಳಿಯಿತು. ನಮಗೆ ಲೆಕ್ಕಕ್ಕೆ ಬರುವುದು ಈ ಎರಡನೇ ಅಂಕಿ. ಯಾಕೆಂದರೆ ಶಿವಮೊಗ್ಗದ್ದೋ ಕಲಬುರಗಿಯದ್ದೋ ಆಸ್ಪತ್ರೆಯ ಯಂತ್ರ ಆ ತರಬೇತಿಯಲ್ಲಿ ಇರುವುದಿಲ್ಲ.

ಶೇ 65 ಎಂದರೆ ಅರ್ಧಕ್ಕಿಂತ ಮೇಲಾಯಿತಲ್ಲ, ಏನೂ ಇಲ್ಲದ್ದಕ್ಕಿಂತ ವಾಸಿಯಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಖಿನ್ನತೆ ಎಂದು ಬಂದ 1,000 ಜನರಲ್ಲಿ 150 ಮಂದಿಗೆ ನಿಜವಾಗಿ ಬೈಪೋಲಾರ್ ಇದೆ ಎಂದಿಟ್ಟುಕೊಳ್ಳಿ. ಇದ್ದವರನ್ನು ‘ಇದೆ’ ಎನ್ನುವುದರಲ್ಲೂ ಇಲ್ಲದವರನ್ನು ‘ಇಲ್ಲ’ ಎನ್ನುವುದರಲ್ಲೂ ಪರೀಕ್ಷೆ ಶೇ 65 ಸರಿ ಎಂದಿರಲಿ. ಆಗ 150ರಲ್ಲಿ 98 ಮಂದಿ ಸಿಗುತ್ತಾರೆ, 52 ಮಂದಿ ತಪ್ಪಿಹೋಗುತ್ತಾರೆ. ಉಳಿದ 850ರಲ್ಲಿ 298 ಮಂದಿಗೆ ಇಲ್ಲದ ಕಾಯಿಲೆ ಇದೆ ಎಂದು ರಿಪೋರ್ಟ್ ಬರುತ್ತದೆ. ‘ಬೈಪೋಲಾರ್’ ಎಂದು ಬರೆಸಿಕೊಂಡ ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅದು ನಿಜ. ಇದೇ ಪರೀಕ್ಷೆಯನ್ನು ಊರಿನ ಎಲ್ಲರ ಮೇಲೆ ಮಾಡಿದರೆ, 1,000 ಜನರಲ್ಲಿ ಇರುವ 5 ಮಂದಿಯ ಪೈಕಿ ಮೂವರು ಸಿಗುತ್ತಾರೆ. ಜೊತೆಗೆ ಸುಮಾರು 348 ಆರೋಗ್ಯವಂತರ ಮೇಲೂ ಮುದ್ರೆ ಬೀಳುತ್ತದೆ. ಮೇಲಾಗಿ ಮೊದಲ ಲೆಕ್ಕವೇ ಉದಾರವಾದದ್ದು. ಆ ಶೇ 65 ಬಂದದ್ದು ರೋಗಿಗಳನ್ನು ಆರೋಗ್ಯವಂತರಿಂದ ಬೇರ್ಪಡಿಸುವಾಗ. ಬೈಪೋಲಾರ್ ಖಿನ್ನತೆಯನ್ನು ಸಾಮಾನ್ಯ ಖಿನ್ನತೆಯಿಂದ ಬೇರ್ಪಡಿಸುವುದು ಅದಕ್ಕಿಂತ ಕಷ್ಟ, ವೈದ್ಯರಿಗೆ ನೆರವು ಬೇಕಿರುವುದೂ ಅಲ್ಲೇ.

ಖಿನ್ನತೆಯ ಕಥೆಯೂ ಇಷ್ಟೇ. ಜರ್ಮನಿಯ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,801 ಜನರ ದತ್ತಾಂಶದ ಮೇಲೆ 40 ಲಕ್ಷಕ್ಕೂ ಹೆಚ್ಚು ಬಗೆಯ ಕಂಪ್ಯೂಟರ್ ಮಾದರಿಗಳನ್ನು ಪರೀಕ್ಷಿಸಿದರು. ಅತ್ಯುತ್ತಮ ಎನಿಸಿದ್ದೂ ಶೇ 62 ದಾಟಲಿಲ್ಲ.

ಶೇ 90 ಎಲ್ಲಿಂದ ಬರುತ್ತದೆ

ಹಾಗಾದರೆ ಸುದ್ದಿಯಲ್ಲಿ ಬರುವ ಶೇ 90ರ ಅಂಕಿ ಸುಳ್ಳೇ? ಯಾರೂ ಬೇಕೆಂದೇ ಸುಳ್ಳು ಬರೆದಿರಬೇಕಾಗಿಲ್ಲ. ತಪ್ಪು ನುಸುಳುವ ದಾರಿಗಳು ಹಲವು, ಅವು ಹೆಚ್ಚಾಗಿ ಚಿಕ್ಕ ಅಧ್ಯಯನಗಳಲ್ಲೇ ತೆರೆದಿರುತ್ತವೆ. 2022ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಮಿದುಳು ಚಿತ್ರಣ ಅಧ್ಯಯನಗಳಲ್ಲಿ ಭಾಗವಹಿಸುವವರ ಮಧ್ಯಮ ಸಂಖ್ಯೆ 25ರ ಆಸುಪಾಸು. ಮಿದುಳಿಗೂ ನಡವಳಿಕೆಗೂ ಇರುವ ನಂಟನ್ನು ನಂಬುವಂತೆ ಅಳೆಯಲು ಸಾವಿರಾರು ಜನ ಬೇಕು.

ಹೆಚ್ಚು ಕಾಡುವ ತಪ್ಪಿಗೆ ಪ್ರಶ್ನೆಪತ್ರಿಕೆ ಸೋರಿಕೆಯ ಹೋಲಿಕೆ ಸರಿಹೊಂದುತ್ತದೆ. ಮಾದರಿಗೆ ತರಬೇತಿ ಕೊಡುವ ಜನ ಬೇರೆ, ಅದನ್ನು ಪರೀಕ್ಷಿಸುವ ಜನ ಬೇರೆ ಇರಬೇಕು. ಆದರೆ ಸಾವಿರಾರು ಅಳತೆಗಳಲ್ಲಿ ಯಾವುವು ಉಪಯುಕ್ತ ಎಂದು ಆರಿಸುವ ಕೆಲಸವನ್ನು ಎಲ್ಲರ ದತ್ತಾಂಶ ಸೇರಿಸಿಯೇ ಮಾಡಿ, ಆಮೇಲೆ ಎರಡು ಪಾಲು ಮಾಡಿದರೆ, ಪರೀಕ್ಷೆಯ ಉತ್ತರ ಮೊದಲೇ ತರಬೇತಿಗೆ ಸೋರಿರುತ್ತದೆ. ಅಂಕ ಚೆನ್ನಾಗಿ ಬರುತ್ತದೆ. ಹೊಸ ಆಸ್ಪತ್ರೆಯ ರೋಗಿ ಬಂದಾಗ ಮಾದರಿ ಕುಸಿಯುತ್ತದೆ.

ತಲೆಯ ಅಲುಗಾಟ ಇನ್ನೂ ಸೂಕ್ಷ್ಮವಾದ ಮೋಸ. ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ ಚಿತ್ರ ಮಸುಕಾಗಿ, ಬೂದು-ಬಿಳಿ ಗಡಿ ಕಲಸಿಹೋಗುತ್ತದೆ. ತಂತ್ರಾಂಶ ಹೊರಪದರವನ್ನು ಇರುವುದಕ್ಕಿಂತ ತೆಳು ಎಂದು ಅಳೆಯುತ್ತದೆ. ಉನ್ಮಾದದ ಚಡಪಡಿಕೆಯಲ್ಲಿರುವವರು, ಲಿಥಿಯಂನಿಂದ ಕೈ ನಡುಗುವವರು, ಮನೋವಿಕಾರ ನಿರೋಧಕ ಮಾತ್ರೆಯಿಂದ ಕಾಲು ನಿಲ್ಲಿಸಲಾಗದೆ ಒದ್ದಾಡುವವರು ಆ ಇಕ್ಕಟ್ಟಿನ ಕೊಳವೆಯಲ್ಲಿ, ಆ ಸದ್ದಿನ ನಡುವೆ ಆರೋಗ್ಯವಂತರಷ್ಟು ಅಲುಗಾಡದೆ ಮಲಗುವುದು ಕಷ್ಟ. ಕಾಯಿಲೆಯಿಂದ ನಿರೀಕ್ಷಿಸಿದ್ದೂ ತೆಳು ಪದರ, ಅಲುಗಾಟ ತೋರಿಸುವುದೂ ತೆಳು ಪದರ. ಎರಡೂ ಒಂದೇ ದಿಕ್ಕಿಗೆ ಹೋಗುವುದರಿಂದ ಮಾದರಿ ಕಾಯಿಲೆಯನ್ನು ಕಲಿತಿತೋ ಚಡಪಡಿಕೆಯನ್ನು ಕಲಿತಿತೋ ಹೇಳಲಾಗುವುದಿಲ್ಲ.

ಮಾತ್ರೆಗಳ ಪ್ರಭಾವವೂ ಸಣ್ಣದಲ್ಲ. 2018ರ ಎನಿಗ್ಮಾ ಅಧ್ಯಯನದಲ್ಲೇ ಲಿಥಿಯಂ ತೆಗೆದುಕೊಳ್ಳುವವರ ಹೊರಪದರ ಅಷ್ಟಾಗಿ ತೆಳುವಾಗಿರಲಿಲ್ಲ. ಫಿಟ್ಸ್ ನಿರೋಧಕ ವರ್ಗದ ಮೂಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚು ತೆಳುವಾಗಿತ್ತು. ಅಂದರೆ ಒಳ್ಳೆಯ ಚಿಕಿತ್ಸೆ ಸಿಕ್ಕ ರೋಗಿಯ ಸ್ಕ್ಯಾನ್ ಆರೋಗ್ಯವಂತರದಂತೆ ಕಾಣಬಹುದು. ದೇಹದ ತೂಕ, ತಂಬಾಕು, ಮದ್ಯ ಇವೂ ಅದೇ ಜಾಗಗಳ ಅಳತೆಯನ್ನು ಅಲುಗಿಸುತ್ತವೆ. ಯಂತ್ರದ ಕಂಪನಿ ಬದಲಾದರೆ, ತಂತ್ರಾಂಶದ ಆವೃತ್ತಿ ಬದಲಾದರೆ ಅಂಕಿಗಳೂ ಜರುಗುತ್ತವೆ.

ಇಂಥ ಸುದ್ದಿ ಓದುವಾಗ ಕೆಲವನ್ನು ನೋಡಿಕೊಂಡರೆ ಸಾಕು. ಎಷ್ಟು ಜನ? ಕಲಿತದ್ದು ಒಂದು ಕಡೆ, ಪರೀಕ್ಷಿಸಿದ್ದು ಇನ್ನೊಂದು ಆಸ್ಪತ್ರೆಯಲ್ಲೇ? ಹೋಲಿಸಿದ್ದು ಆರೋಗ್ಯವಂತರೊಂದಿಗೋ ಖಿನ್ನತೆಯ ರೋಗಿಗಳೊಂದಿಗೋ? ಅವರು ಮಾತ್ರೆಯ ಮೇಲಿದ್ದರೇ? ಅನುಭವವಿರುವ ವೈದ್ಯರು ಅರ್ಧ ಗಂಟೆ ಮಾತನಾಡಿ ತಿಳಿಯುವುದಕ್ಕಿಂತ ಸ್ಕ್ಯಾನ್ ಹೆಚ್ಚೇನಾದರೂ ಹೇಳಿತೇ? ಕೊನೆಯ ಪ್ರಶ್ನೆಯನ್ನು ಕೇಳಿರುವ ಅಧ್ಯಯನಗಳೇ ವಿರಳ.

ಎಂಆರ್‌ಐ ನಿಜವಾಗಿ ಬೇಕಾಗುವುದು ಯಾವಾಗ

ಇಷ್ಟೆಲ್ಲ ಹೇಳಿದರೂ ಮನೋವೈದ್ಯರು ಎಂಆರ್‌ಐ ಬರೆದುಕೊಡುವುದುಂಟು, ಬರೆಯಲೇಬೇಕಾದ ಸಂದರ್ಭಗಳೂ ಇವೆ. ಅಲ್ಲಿ ಹುಡುಕುವುದು ಬೈಪೋಲಾರನ್ನಲ್ಲ. ಬೈಪೋಲಾರ್‌ನಂತೆ ಕಾಣುವ ಬೇರೆ ಕಾಯಿಲೆಯನ್ನು. ಈ ಕಾಯಿಲೆ ಸಾಮಾನ್ಯವಾಗಿ ಹದಿಹರೆಯ ಮತ್ತು ಇಪ್ಪತ್ತರ ವಯಸ್ಸಿನಲ್ಲಿ ಶುರುವಾಗುತ್ತದೆ. 50 ದಾಟಿದವರಲ್ಲಿ, ಹಿಂದೆಂದೂ ಏನೂ ಇಲ್ಲದೆ, ಮೊದಲ ಸಲ ಉನ್ಮಾದ ಕಾಣಿಸಿಕೊಂಡರೆ ಮಿದುಳನ್ನು ನೋಡಲೇಬೇಕು. ಬಲ ಮಿದುಳಿನ ಪಾರ್ಶ್ವವಾಯು, ಮುಂಭಾಗದ ಗಡ್ಡೆ, ಮುಂಭಾಗ-ಕಪೋಲ ಬಗೆಯ ಡಿಮೆನ್ಷಿಯಾ, ಮಲ್ಟಿಪಲ್ ಸ್ಕ್ಲೀರೋಸಿಸ್ ಇವೆಲ್ಲ ಉನ್ಮಾದದ ವೇಷದಲ್ಲಿ ಬರಬಲ್ಲವು. ವಯಸ್ಸು ಎಷ್ಟೇ ಇರಲಿ, ಜೊತೆಗೆ ಫಿಟ್ಸ್, ಕೈಕಾಲಿನ ಸೋಲು, ಹೊಸ ಬಗೆಯ ತೀವ್ರ ತಲೆನೋವು, ಜ್ವರ, ಸ್ಥಳ-ಸಮಯದ ಗೊಂದಲ, ತಲೆಗೆ ಪೆಟ್ಟು ಬಿದ್ದ ಚರಿತ್ರೆ ಇದ್ದರೆ ತಡ ಮಾಡಬಾರದು. ಥೈರಾಯ್ಡ್ ಪರೀಕ್ಷೆ, ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡರೇ ಎಂಬ ಪ್ರಶ್ನೆ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ ಇವೂ ಈ ಹುಡುಕಾಟದ ಭಾಗವೇ, ಸ್ಕ್ಯಾನಿಗಿಂತ ಅಗ್ಗವೂ ಹೌದು.

ಇದಕ್ಕೆ ಮಾಮೂಲಿ ಎಂಆರ್‌ಐ ಸಾಕು. ತಾಳಿ, ಕಾಲುಂಗುರ, ಹೇರ್‌ಪಿನ್, ಮೊಬೈಲು ಹೊರಗಿಡಬೇಕು. ಪೇಸ್‌ಮೇಕರ್, ಕಿವಿಯೊಳಗಿನ ಯಂತ್ರ, ಹಳೆಯ ಶಸ್ತ್ರಚಿಕಿತ್ಸೆಯ ಕ್ಲಿಪ್ ಇದ್ದರೆ ಮೊದಲೇ ಹೇಳಬೇಕು. ಉನ್ಮಾದ ತೀವ್ರವಿದ್ದಾಗ ಒತ್ತಾಯದಿಂದ ಮಲಗಿಸಿ ತೆಗೆದ ಚಿತ್ರ ಕೆಲಸಕ್ಕೆ ಬರುವುದಿಲ್ಲ. ತುರ್ತು ಇಲ್ಲದಿದ್ದರೆ ಮೊದಲು ನಿದ್ರೆ ಬರಿಸಿ, ಶಾಂತವಾದ ಮೇಲೆ ತೆಗೆಸುವುದೇ ಸರಿ.

ರಿಪೋರ್ಟಿನಲ್ಲಿ ಕಾಣುವ ಕೆಲವು ಪದಗಳು ಮನೆಯವರ ನಿದ್ದೆ ಕೆಡಿಸುತ್ತವೆ. ‘ವೈಟ್ ಮ್ಯಾಟರ್ ಹೈಪರ್‌ಇಂಟೆನ್ಸಿಟಿ’ ಎಂದರೆ ಬಿಳಿ ಭಾಗದಲ್ಲಿನ ಚಿಕ್ಕ ಹೊಳೆಯುವ ಚುಕ್ಕೆಗಳು. ಬೈಪೋಲಾರ್ ಇರುವವರಲ್ಲಿ ಇವು ಕಾಣುವ ಸಂಭವ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂಬುದು ಹಳೆಯ, ಗಟ್ಟಿಯಾದ ಸಂಶೋಧನೆ. ಆದರೆ ವಯಸ್ಸಾದವರಲ್ಲಿ, ಮೈಗ್ರೇನ್, ಬಿಪಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ-ಸಿಗರೇಟು ಸೇದುವವರಲ್ಲೂ ಇವು ಕಾಣುತ್ತವೆ. ಚುಕ್ಕೆ ಇದೆ ಎಂದು ಬೈಪೋಲಾರ್ ಎನ್ನುವಂತಿಲ್ಲ. ಬಿಪಿ ನೋಡಿಸಿಕೊಳ್ಳಿ ಎನ್ನಬಹುದು. ‘ಕ್ಯಾಲ್ಸಿಫೈಡ್ ಗ್ರಾನುಲೋಮಾ’ ನಮ್ಮ ದೇಶದಲ್ಲಿ ಆಗಾಗ ಸಿಗುವಂಥದ್ದು. ಹೆಚ್ಚಾಗಿ ಅದು ಎಂದೋ ಸತ್ತ ಲಾಡಿಹುಳುವಿನ ಗೂಡಿನ ಗುರುತು. ಫಿಟ್ಸ್ ಇದ್ದರೆ ಅದಕ್ಕೆ ಮಹತ್ವ. ಮೂಡ್ ಕಾಯಿಲೆಗೆ ಅದೇ ಕಾರಣವೆಂದು ಹಿಡಿದುಕೊಂಡು ಲಿಥಿಯಂ ಬಿಟ್ಟು ಅದಕ್ಕೇ ಔಷಧಿ ಹುಡುಕುವುದು ದೊಡ್ಡ ತಪ್ಪು. ‘ಅರಾಕ್ನಾಯ್ಡ್ ಸಿಸ್ಟ್’ ಬಹುಮಟ್ಟಿಗೆ ಹುಟ್ಟಿನಿಂದ ಬಂದ, ತೊಂದರೆ ಕೊಡದ ನೀರಿನ ಚೀಲ.

ಅಮೆರಿಕದ ಮನೋವೈದ್ಯರ ಸಂಘದ ತಜ್ಞರ ತಂಡ 2018ರಲ್ಲಿ ಪ್ರಕಟಿಸಿದ ಪರಿಶೀಲನೆಯ ನಿಲುವೂ ಇದೇ: ಮನೋರೋಗಗಳ ನಿರ್ಣಯಕ್ಕೆ ಬಳಸಬಹುದಾದ ಮಿದುಳು ಚಿತ್ರಣದ ಗುರುತು ಇನ್ನೂ ಸಿಕ್ಕಿಲ್ಲ. ಆದ್ದರಿಂದ ವಿಕಿರಣಶೀಲ ದ್ರವ ಚುಚ್ಚಿ ತೆಗೆಯುವ ಸ್ಪೆಕ್ಟ್ ಸ್ಕ್ಯಾನನ್ನೋ ಬಣ್ಣದ ‘ಬ್ರೈನ್ ಮ್ಯಾಪಿಂಗ್’ ಅನ್ನೋ ತೋರಿಸಿ ‘ನಿಮಗೆ ಬೈಪೋಲಾರ್ ಇದೆ’ ಅಥವಾ ‘ಇಲ್ಲ’ ಎಂದು ಯಾರೇ ಹೇಳಿದರೂ ಅದನ್ನು ನಂಬಿ ಚಿಕಿತ್ಸೆ ಬದಲಿಸಬೇಡಿ.

ನಮ್ಮ ಕಾನೂನೂ ಸ್ಕ್ಯಾನ್ ಕೇಳುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಕಾಯಿಲೆಯನ್ನು ನಿರ್ಧರಿಸಬೇಕಾದದ್ದು ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವೈದ್ಯಕೀಯ ಮಾನದಂಡಗಳಿಂದ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಬಳಸುವ ‘ಐಡಿಯಾಸ್’ ಮಾಪನ ಅಳೆಯುವುದು ಸ್ವಂತ ಆರೈಕೆ, ಜನರೊಂದಿಗಿನ ಒಡನಾಟ, ಮಾತು-ತಿಳಿವಳಿಕೆ, ಕೆಲಸ, ಕಾಯಿಲೆಯ ಅವಧಿ ಇವುಗಳನ್ನು. ‘ಸ್ಕ್ಯಾನ್ ನಾರ್ಮಲ್ ಇದೆಯಲ್ಲ, ಸರ್ಟಿಫಿಕೇಟ್ ಯಾಕೆ’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ಆಧಾರವೇ ಇಲ್ಲ.

ಸಂಶೋಧನೆ ಈಗ ಎತ್ತ ಹೊರಟಿದೆ

ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವ ಬದಲು, ಒಬ್ಬರನ್ನು ಅವರದೇ ಹಿಂದಿನ ಚಿತ್ರದ ಜೊತೆ ಹೋಲಿಸುವುದು ಹೆಚ್ಚು ಫಲ ಕೊಡುತ್ತಿದೆ. 2022ರಲ್ಲಿ ಎನಿಗ್ಮಾ ಬೈಪೋಲಾರ್ ಇರುವ 307 ಜನರನ್ನೂ 925 ಆರೋಗ್ಯವಂತರನ್ನೂ ಕಾಲಾಂತರದಲ್ಲಿ ಮತ್ತೆ ಸ್ಕ್ಯಾನ್ ಮಾಡಿದ ದತ್ತಾಂಶ ಪರಿಶೀಲಿಸಿತು. ನಡುವೆ ಉನ್ಮಾದದ ಕಂತುಗಳು ಹೆಚ್ಚಾದಷ್ಟೂ ಹೊರಪದರ ಬೇಗ ತೆಳುವಾಗಿತ್ತು. ಉನ್ಮಾದ ಬಾರದವರಲ್ಲಿ ಹಾಗಾಗಿರಲಿಲ್ಲ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದೊಂದರಿಂದ ತೀರ್ಮಾನಿಸಲಾಗದು. ಆದರೂ ‘ಈಗ ಹುಷಾರಾಗಿದ್ದೇನಲ್ಲ, ಮಾತ್ರೆ ಯಾಕೆ’ ಎನ್ನುವವರ ಮುಂದೆ ಇಡಬಹುದಾದ ಗಂಭೀರ ಮಾಹಿತಿ ಇದು.

ಇನ್ನೊಂದು ದಾರಿ, ಮಕ್ಕಳ ಬೆಳವಣಿಗೆಗೆ ತೂಕ-ಎತ್ತರದ ಚಾರ್ಟ್ ಇರುವಂತೆ ಮಿದುಳಿಗೂ ವಯಸ್ಸಿನ ಚಾರ್ಟ್ ಮಾಡುವುದು. 2022ರಲ್ಲಿ 1,23,984 ಸ್ಕ್ಯಾನ್‌ಗಳಿಂದ ಅಂಥದ್ದೊಂದು ಸಿದ್ಧವಾಯಿತು. ಆದರೆ ಅದರಲ್ಲಿ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದವರು. ನಮ್ಮ ಮಿದುಳುಗಳ ಆಕಾರ, ಗಾತ್ರ ಹೋಲಿಕೆಗೆ ಬಳಸುವ ಅವರ ಮಿದುಳಿನ ಅಚ್ಚಿಗೆ, ಅಂದರೆ ಮಾದರಿ ಚಿತ್ರಕ್ಕೆ, ಸರಿಯಾಗಿ ಕೂರದಿದ್ದರೆ ಬಲವಂತವಾಗಿ ಹಿಗ್ಗಿಸಿ ಕೂರಿಸುವಾಗಲೇ ಅಳತೆಯಲ್ಲಿ ತಪ್ಪು ಸೇರುತ್ತದೆ. ಹುಡುಕುತ್ತಿರುವ ವ್ಯತ್ಯಾಸವೇ ಕೂದಲೆಳೆಯಷ್ಟಿರುವಾಗ ಈ ತಪ್ಪು ಅದನ್ನು ನುಂಗಿಹಾಕಬಲ್ಲದು. ಆದ್ದರಿಂದಲೇ ನಿಮ್ಹಾನ್ಸ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ, 6ರಿಂದ 60 ವರ್ಷದವರೆಗಿನ ಐದು ವಯೋಗುಂಪುಗಳ ಭಾರತೀಯ ಮಿದುಳಿನ ಅಚ್ಚುಗಳು ಮಹತ್ವದ ಕೆಲಸ. ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಎಂಬ ಬೆಂಗಳೂರಿನ ಸಂಸ್ಥೆಗಳು ಕೂಡಿ ನಡೆಸಿದ ಎಡಿಬಿಎಸ್ ಎಂಬ ಸಂಶೋಧನಾ ಯೋಜನೆ, ಒಂದೇ ಕುಟುಂಬದಲ್ಲಿ ಹಲವರಿಗೆ ಬೈಪೋಲಾರ್‌ನಂಥ ಕಾಯಿಲೆ ಇರುವ ಮನೆಗಳನ್ನು ಅನುಸರಿಸಿ, ಚಿತ್ರಣದ ಜೊತೆಗೆ ಅನುವಂಶೀಯ ಮಾಹಿತಿಯನ್ನೂ ಸೇರಿಸಿಕೊಂಡಿತು. ಅದೇ ಮನೆಯ ಕಾಯಿಲೆ ಬಾರದ ಅಣ್ಣ-ತಂಗಿಯರ ಜೊತೆಗಿನ ಹೋಲಿಕೆ, ಎಲ್ಲಿಂದಲೋ ತಂದ ಆರೋಗ್ಯವಂತರ ಹೋಲಿಕೆಗಿಂತ ಹೆಚ್ಚು ಕಲಿಸುತ್ತದೆ.

ಈ ಕೆಲಸಗಳೆಲ್ಲ ಫಲ ಕೊಡಲು ವರ್ಷಗಳು ಬೇಕು. ಅಲ್ಲಿಯವರೆಗೆ ಸ್ಕ್ಯಾನಿಗಿಂತ ಹೆಚ್ಚು ಕೆಲಸ ಮಾಡುವುದು ಚರಿತ್ರೆಯ ಒಂದು ಹಾಳೆ. ಅಡ್ಡಕ್ಕೆ ತಿಂಗಳುಗಳನ್ನು ಬರೆದು, ಮೂಡ್ ಏರಿದ್ದು ಮೇಲಕ್ಕೆ, ಇಳಿದದ್ದು ಕೆಳಕ್ಕೆ ಗೆರೆ ಎಳೆಯಿರಿ. ಯಾವ ಮಾತ್ರೆ ಯಾವಾಗ ಶುರುವಾಯಿತು, ಯಾವಾಗ ನಿಂತಿತು, ನಿದ್ರೆ ಎಷ್ಟು ಗಂಟೆಯಿತ್ತು ಎಂದು ಅದರ ಕೆಳಗೆ ಬರೆಯಿರಿ. ಖಿನ್ನತೆಯ ಮಾತ್ರೆ ಶುರುಮಾಡಿದ ಕೆಲವೇ ವಾರದಲ್ಲಿ ಗೆರೆ ಮೇಲಕ್ಕೆ ಹಾರಿದ್ದರೆ ಅದಕ್ಕೆ ವೃತ್ತ ಹಾಕಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿತ್ತೇ, ಮನೆಯಲ್ಲಿ ಆತ್ಮಹತ್ಯೆ ಆಗಿತ್ತೇ ಎಂದು ಸೇರಿಸಿ. ತಂದೆ ಅಥವಾ ತಾಯಿಗೆ ಈ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು. ಮೂಡ್ ಡಿಸಾರ್ಡರ್ ಪ್ರಶ್ನಾವಳಿಯ 13 ಪ್ರಶ್ನೆಗಳಲ್ಲಿ 7ಕ್ಕೆ ‘ಹೌದು’ ಬಂದು, ಅವು ಒಂದೇ ಅವಧಿಯಲ್ಲಿ ಆಗಿ, ಬದುಕಿಗೆ ತೊಂದರೆ ಕೊಟ್ಟಿದ್ದರೆ ವೈದ್ಯರು ಇನ್ನಷ್ಟು ಆಳವಾಗಿ ಕೇಳುತ್ತಾರೆ.

ಆ ಹಾಳೆಯನ್ನು ರೋಗಿಯೊಬ್ಬರೇ ತುಂಬಬಾರದು. ಹೆಂಡತಿ, ಗಂಡ, ಅಮ್ಮ, ಜೊತೆಗಿರುವ ಗೆಳೆಯ, ಯಾರಾದರೂ ಒಬ್ಬರು ಪಕ್ಕದಲ್ಲಿ ಕೂರಬೇಕು. ‘ಚೆನ್ನಾಗಿದ್ದೆ’ ಎಂದು ರೋಗಿ ಹೇಳುವ ದಿನಗಳಲ್ಲಿ ರಾತ್ರಿ ಎರಡಕ್ಕೆ ಎದ್ದು ಮನೆ ತೊಳೆದದ್ದು, ಸಾಲ ಮಾಡಿ ಮೂರು ಮೊಬೈಲು ತಂದದ್ದು ಅವರಿಗೆ ನೆನಪಿರುತ್ತದೆ. ಹತ್ತಿರದಲ್ಲಿ ಮನೋವೈದ್ಯರಿಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಆಗಲೂ ಈ ಹಾಳೆ ಕೈಯಲ್ಲಿದ್ದರೆ ಒಳ್ಳೆಯದು.